ಜರ್ಮನ್ ಗೀತೆಗಳಿಗೆ ಮೈಸೂರಿನ ಆಸರೆ: ಪಿಯಾನೋ ವಾದಕ ಜಯಚಾಮರಾಜೇಂದ್ರ ಒಡೆಯರ್

ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜೇಂದ್ರ ಒಡೆಯರ್ ಅವರು ರಾಮಾಪುರವನ್ನು ಅರಸರಾಗಿ ಆಳಿದವರಲ್ಲ. ಇಂದು ಹನೂರು ತಾಲ್ಲೂಕಿಗೆ ಸೇರಿರುವ ರಾಮಾಪುರವೂ ಸೇರಿದಂತೆ ಅಂದಿನ ಇಡೀ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಪಕ್ಕದ ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದರಾಸಿನದು; ಒಂದೇ ಭಾಷೆಯನ್ನಾಡುವ, ಒಂದೇ ಮಾದಪ್ಪನಿಗೆ ನಡೆದುಕೊಳ್ಳುವ ಜನರ ನಡುವೆ ಸರ್ಕಾರದ ಗೆರೆಯೊಂದು ಹಾದು ಹೋಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಸೀಮೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿದಾಗ, ಆ ರಾಜ್ಯದ ರಾಜ್ಯಪಾಲರಾಗಿ ಅಧಿಕಾರ ವಹಿಸಿಕೊಂಡವರು ಇದೇ ಜಯಚಾಮರಾಜೇಂದ್ರರು. ಹೀಗೆ ನಮ್ಮ ಭಾಗದವರಿಗೆ ಅವರು ದೊರೆಯಾಗಿ ಅಲ್ಲ, ರಾಜ್ಯಪಾಲರಾಗಿ ದೊರೆತರು.

ದಸರೆಯ ಅಂಬಾರಿಯ ಮೇಲೆ ಕುಳಿತ ಅವರ ಚಿತ್ರವು ಹಳೆಯ ಮನೆಗಳ ಗೋಡೆಗಳಲ್ಲಿ ಈಗಲೂ ಕಾಣಸಿಗುತ್ತದೆ. ಸಂಸ್ಕೃತ ವಿದ್ವಾಂಸರೆಂದು, ತತ್ತ್ವಶಾಸ್ತ್ರಜ್ಞರೆಂದು, ಋಗ್ವೇದವನ್ನು ಕನ್ನಡಕ್ಕೆ ತರಿಸಿದ ಗ್ರಂಥಮಾಲೆಯ ಪೋಷಕರೆಂದು ಅವರ ಹೆಸರು ಪ್ರಸಿದ್ಧವಾಗಿದೆ. ಆದರೆ ಅವರ ಬದುಕಿನ ಇನ್ನೊಂದು ಮುಖ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಯೂರೋಪಿನಲ್ಲಿ, ಜರ್ಮನ್ ಕವಿತೆಗಳನ್ನು ಹಾಡುವ ಗಾಯಕಿಯರಿಗೂ ಅವುಗಳಿಗೆ ಸ್ವರ ಹಾಕಿದ ಇಬ್ಬರು ವೃದ್ಧ ಸಂಗೀತಗಾರರ ಕೃತಿಗಳಿಗೂ ನೆರವು ಹೋದದ್ದು ಮೈಸೂರಿನಿಂದ. ಇಂದು ಜಗತ್ತಿನ ಯಾವ ಮೂಲೆಯಲ್ಲಿಯಾದರೂ ಯುವ ಗಾಯಕಿಯೊಬ್ಬಳು ಈ ಪ್ರಕಾರವನ್ನು ಅಭ್ಯಾಸ ಮಾಡಹೊರಟರೆ ಒಂದಲ್ಲ ಒಂದು ದಿನ ಎದುರಾಗುವ ಕೃತಿಯೊಂದರ ಪ್ರಥಮ ಪ್ರದರ್ಶನದ ಹಿಂದೆ ನಮ್ಮ ಅರಸರ ಹಣವಿತ್ತು.

ಮೊದಲು ಈ ಪ್ರಕಾರದ ಬಗ್ಗೆ ಎರಡು ಮಾತು ಹೇಳಬೇಕು. ಜರ್ಮನ್ ಭಾಷೆಯಲ್ಲಿ ಲೀಡ್ ಎಂದರೆ ಹಾಡು; ಅದರ ಬಹುವಚನ ಲೀಡರ್. (ನಮ್ಮೂರಿನ ಲೀಡರುಗಳಿಗೂ ಇದಕ್ಕೂ ಯಾವುದೇ ಸಂಬಂಧವಿಲ್ಲ!) ಒಳ್ಳೆಯ ಕವಿಯ ಕವಿತೆಯೊಂದನ್ನು ತೆಗೆದುಕೊಂಡು, ಅದರ ಭಾವಕ್ಕೆ ತಕ್ಕ ಸ್ವರ ಸಂಯೋಜಿಸಿ, ಒಬ್ಬ ಗಾಯಕ ಮತ್ತು ಒಬ್ಬ ಪಿಯಾನೋ ವಾದಕ ಸೇರಿ ಪ್ರಸ್ತುತಪಡಿಸುವ ಕಲೆಯಿದು. ನಮ್ಮ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರು ಬೆಳೆಸಿದ ಭಾವಗೀತೆಯ ಪರಂಪರೆಯನ್ನು ನೆನೆದರೆ ಇದರ ಸ್ವರೂಪ ಸ್ಥೂಲವಾಗಿ ಅರ್ಥವಾದೀತು. ಅಲ್ಲಿಯೂ ಕವಿ ಮೊದಲು, ಸಂಯೋಜಕ ಅನಂತರ. ಆದರೆ ಒಂದು ಮುಖ್ಯ ಭೇದವಿದೆ. ಜರ್ಮನ್ ಗೀತೆಯಲ್ಲಿ ಪಿಯಾನೋ ಪಕ್ಕವಾದ್ಯವಲ್ಲ. ಅದಕ್ಕೂ ಸ್ವಂತದ ಮಾತಿದೆ, ಮತ್ತು ಆ ಮಾತಿನ ಪ್ರತಿಯೊಂದು ಸ್ವರವನ್ನೂ ಸಂಯೋಜಕನೇ ಬರೆದಿಟ್ಟಿರುತ್ತಾನೆ.

ಫ್ರಾಂಜ್ ಶೂಬರ್ಟ್ 1814ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಗಯಟೆಯ ಫೌಸ್ಟ್ ನಾಟಕದ ಪದ್ಯವೊಂದಕ್ಕೆ ಸ್ವರ ಹಾಕಿದ. ಹುಡುಗಿಯೊಬ್ಬಳು ರಾಟೆಯ ಮುಂದೆ ಕುಳಿತು ನೂಲುತ್ತಾ ಪ್ರಿಯಕರನನ್ನು ನೆನೆಯುತ್ತಾಳೆ. ಹಾಡಿನುದ್ದಕ್ಕೂ ಪಿಯಾನೋ ಆ ರಾಟೆಯಾಗಿ ತಿರುಗುತ್ತದೆ. ಅವನ ಮುತ್ತಿನ ನೆನಪು ಬಂದೊಡನೆ ರಾಟೆ ನಿಂತುಬಿಡುತ್ತದೆ. ಮತ್ತೆ ತಡವರಿಸುತ್ತಾ ತಿರುಗತೊಡಗುತ್ತದೆ. ಆ ನಿಲುಗಡೆಯನ್ನು ಗಾಯಕಿಯೊಬ್ಬಳೇ ತೋರಿಸಲಾರಳು, ವಾದಕನೊಬ್ಬನೇ ತೋರಿಸಲಾರನು. ಶೂಬರ್ಟ್ 31 ವರ್ಷಗಳ ತನ್ನ ಅಲ್ಪಾಯುಷ್ಯದಲ್ಲಿ ಇಂತಹ 600ಕ್ಕೂ ಹೆಚ್ಚು ಗೀತೆಗಳನ್ನು ರಚಿಸಿದ. ಅನಂತರ ಶೂಮನ್, ಬ್ರಾಮ್ಸ್, ಹ್ಯೂಗೋ ವುಲ್ಫ್, ರಿಚರ್ಡ್ ಸ್ಟ್ರಾಸ್ ಅವರು ಈ ಪರಂಪರೆಯನ್ನು ಮುಂದುವರಿಸಿದರು. ಇಂದಿಗೂ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹ್ಯೂಗೋ ವುಲ್ಫ್ ಅಕಾಡೆಮಿಯು ಯುವ ಕಲಾವಿದರಿಗಾಗಿ ನಡೆಸುವ ಸ್ಪರ್ಧೆಯಲ್ಲಿ ಗಾಯಕರನ್ನೂ ಪಿಯಾನೋ ವಾದಕರನ್ನೂ ಜೋಡಿಯಾಗಿಯೇ ಪರಿಗಣಿಸಲಾಗುತ್ತದೆ.

ಈ ಲೋಕಕ್ಕೆ ಮೈಸೂರಿನ ರಾಜಕುಮಾರರೊಬ್ಬರು ಮನಸೋತದ್ದು ಆಕಸ್ಮಿಕವೇನಲ್ಲ. ಜಯಚಾಮರಾಜೇಂದ್ರರು ಜನಿಸಿದ್ದು 1919ರ ಜುಲೈ 18ರಂದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರ ಏಕಮಾತ್ರ ಪುತ್ರರಾಗಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅರಮನೆಯಲ್ಲಿ ಒಂದೆಡೆ ವೀಣೆಯ ವಿದ್ವಾಂಸರು, ಇನ್ನೊಂದೆಡೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡು. ಈ ಎರಡು ನಾದಗಳ ನಡುವೆ ಬೆಳೆದ ಬಾಲಕನನ್ನು ಮೊದಲು ಸೆಳೆದದ್ದು ಪಿಯಾನೋ. ಸೋದರಿ ವಿಜಯಾದೇವಿಯವರೂ ಅದೇ ವಾದ್ಯವನ್ನು ಕಲಿತರು. ಸಾಮಾನ್ಯವಾಗಿ ಅರಮನೆಯ ಮಕ್ಕಳಿಗೆ ಪಿಯಾನೋ ಎಂದರೆ ಅತಿಥಿಗಳೆದುರು ನುಡಿಸಿ ತೋರಿಸುವ ಅಲಂಕಾರದ ವಿದ್ಯೆ. ಈ ರಾಜಕುಮಾರರಿಗೆ ಹಾಗಿರಲಿಲ್ಲ. ಕಛೇರಿ ನೀಡುವ ಪಿಯಾನೋ ವಾದಕರಾಗಬೇಕೆಂಬುದು ಅವರ ನಿಜವಾದ ಹಂಬಲವಾಗಿತ್ತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ದೊರೆತಿತ್ತು. 1945ರಲ್ಲಿ ಅಲ್ಲಿಯದೇ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆಯ್ಕೆ ಮಾಡಿತು.

1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಐದು ಚಿನ್ನದ ಪದಕಗಳೊಂದಿಗೆ ಪದವಿ ಪಡೆದ ಅವರು ಮರುವರ್ಷ ಯೂರೋಪ್ ಪ್ರವಾಸ ಕೈಗೊಂಡು ಅನೇಕ ಕಲಾವಿದರ ಪರಿಚಯ ಮಾಡಿಕೊಂಡರು. ಯುದ್ಧ ಆರಂಭವಾದ ವರ್ಷವದು. 1940ರ ಮಾರ್ಚಿಯಲ್ಲಿ ತಂದೆ ಬೊಂಬಾಯಿಯಲ್ಲಿ ತೀರಿಕೊಂಡರು. ಐದು ತಿಂಗಳು ಕಳೆಯುವುದರೊಳಗೆ, ಆಗಸ್ಟ್ 3ರಂದು, ಸಂತಾನವಿಲ್ಲದ ದೊಡ್ಡಪ್ಪ ನಾಲ್ವಡಿಯವರೂ ಕಣ್ಮುಚ್ಚಿದರು. ಸೆಪ್ಟೆಂಬರ್ 8ರಂದು 21ರ ಹರೆಯದ ಯುವಕ ಸಿಂಹಾಸನವೇರಿದರು. ಕಛೇರಿಯ ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು. ಸಿಂಹಾಸನದ ಮೇಲೆ ಕುಳಿತವರು ಟಿಕೆಟ್ ಕೊಂಡು ಬಂದ ಸಭಿಕರೆದುರು ಪಿಯಾನೋ ನುಡಿಸುವುದು ಅಂದಿನ ರಾಜಮರ್ಯಾದೆಗೆ ಊಹಿಸಲೂ ಆಗದ ಸಂಗತಿ.

ತಾವು ನುಡಿಸಲಾಗದ್ದನ್ನು ಇತರರು ನುಡಿಸುವಂತೆ ಮಾಡುವುದೊಂದೇ ಅವರಿಗೆ ಉಳಿದ ಮಾರ್ಗವಾಗಿತ್ತು.

ಅವರ ಕಣ್ಣಿಗೆ ಬಿದ್ದವರು ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ 1880ರ ಜನವರಿಯಲ್ಲಿ ಹುಟ್ಟಿದ, ಜರ್ಮನ್ ಮೂಲದ ಮನೆತನಕ್ಕೆ ಸೇರಿದ ಈ ರಷ್ಯನ್ ಸಂಯೋಜಕರು ಕ್ರಾಂತಿಯ ನಂತರ ದೇಶ ಬಿಟ್ಟು, ಅಲ್ಲಿಲ್ಲಿ ಅಲೆದು, 1930ರ ದಶಕದ ಮಧ್ಯದಲ್ಲಿ ಲಂಡನ್ ಸೇರಿದ್ದರು. ಪಿಯಾನೋ ಕೃತಿಗಳಷ್ಟೇ ಪ್ರೀತಿಯಿಂದ ಅವರು ಗೀತೆಗಳನ್ನೂ ರಚಿಸಿದ್ದರು. ಪುಷ್ಕಿನ್ ಮೊದಲಾದ ರಷ್ಯನ್ ಕವಿಗಳ ಜೊತೆಗೆ ಗಯಟೆ, ಹೈನೆ, ಐಖೆಂಡಾರ್ಫ್ ಅವರ ಜರ್ಮನ್ ಕವಿತೆಗಳಿಗೂ ಸ್ವರ ಹಾಕಿದ್ದರು. ಕಾಲವು ಹೊಸ ಬಗೆಯ ಸಂಗೀತದತ್ತ ಓಡುತ್ತಿದ್ದಾಗ ಮೆಟ್ನರ್ ಹಳೆಯ ದಾರಿಯಲ್ಲೇ ನಡೆದರು. ಹಾಗಾಗಿ ಕೇಳುವವರು ಕಡಿಮೆಯಾದರು. ಯುದ್ಧ ಬಂದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣವೂ ನಿಂತಿತು. ಅದರ ಮೇಲೆ ಹೃದ್ರೋಗ. ಒಟ್ಟಿನಲ್ಲಿ ಅವರು ಮರೆಯಾಗುವ ಹಾದಿಯಲ್ಲಿದ್ದರು.

ಅಂತಹವರಿಗೆ ಏಳು ಸಾವಿರ ಕಿಲೋಮೀಟರಿಗೂ ಆಚೆ ಇರುವ, ಹೆಸರೂ ಕೇಳಿರದ ಊರೊಂದರಿಂದ ನೆರವು ಬಂದಿತು. 1940ರ ದಶಕದ ಉತ್ತರಾರ್ಧದಲ್ಲಿ ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ಎಂಬ ಸಂಸ್ಥೆ ಲಂಡನ್ನಿನಲ್ಲಿ ರೂಪುಗೊಂಡಿತು. ಸ್ವತಃ ಸಂಯೋಜಕರೇ ಪಿಯಾನೋ ನುಡಿಸಿ ತಮ್ಮ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ದಾಖಲಿಸುವುದು ಅದರ ಉದ್ದೇಶ. 1947ರಲ್ಲಿ ಅವರ ಮೂರೂ ಪಿಯಾನೋ ಕಾನ್ಸರ್ಟೋಗಳ ಮುದ್ರಣವಾಯಿತು. ಮೂರನೆಯದನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. ರಷ್ಯನ್ ಸಂಗೀತದ ಚರಿತ್ರೆಯಲ್ಲಿ ಮೈಸೂರಿನ ಹೆಸರು ಹೀಗೆ ಶಾಶ್ವತವಾಗಿ ಅಚ್ಚಾಗಿದೆ.

ಈ ಕಾರ್ಯದಲ್ಲಿ ಲಂಡನ್ನಿನಲ್ಲಿ ಮುಂದೆ ನಿಂತವರು ಧ್ವನಿಮುದ್ರಣ ಕಂಪನಿಯ ನಿರ್ಮಾಪಕ ವಾಲ್ಟರ್ ಲೆಗ್. ಇವರು 1931ರಲ್ಲೇ ಹ್ಯೂಗೋ ವುಲ್ಫ್‌ನ ಜರ್ಮನ್ ಗೀತೆಗಳಿಗಾಗಿ ಇಂತಹದೇ ಒಂದು ಸೊಸೈಟಿಯನ್ನು ಕಟ್ಟಿದ್ದವರು. ಕೊಳ್ಳುವವರು ಕಡಿಮೆಯೆಂದು ಕಂಪನಿಗಳು ಹಿಂಜರಿಯುತ್ತಿದ್ದ ಸಂಗೀತಕ್ಕೆ ಮೊದಲೇ ಚಂದಾದಾರರನ್ನು ಕೂಡಿಸಿ, ಆ ಹಣದಿಂದ ತಟ್ಟೆಗಳನ್ನು ಹೊರತರುವ ಉಪಾಯ ಅವರದು. ಮೆಟ್ನರ್ ವಿಷಯದಲ್ಲಿ ನೂರಾರು ಚಂದಾದಾರರ ಬದಲು ಒಬ್ಬರೇ ಮಹಾರಾಜರು ದೊರೆತರು.

1940ರ ದಶಕದ ಕೊನೆಗೆ ಲೆಗ್ ಮಹಾರಾಜರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದರು. ಮೂವತ್ತು ತುಂಬದ ಅರಸರನ್ನೂ ಅವರ ಸಂಗ್ರಹವನ್ನೂ ಕಂಡು ಅವರು ಬೆರಗಾದರು. ದೊಡ್ಡ ಪಿಯಾನೋಗಳು, ಬಗೆಬಗೆಯ ಧ್ವನಿವರ್ಧಕಗಳು, ಸುಮಾರು 20,000ದಷ್ಟಿತ್ತೆಂದು ಅಂದಾಜಿಸಲಾದ ಧ್ವನಿಮುದ್ರಿಕೆಗಳು. ತಾನು 1945ರಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಭದ್ರಪಡಿಸಲು ಲೆಗ್‌ಗೆ ಹಣ ಬೇಕಿತ್ತು. ಲೆಗ್ ತಮ್ಮ ನೆನಪುಗಳಲ್ಲಿ ದಾಖಲಿಸಿರುವಂತೆ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ನೀಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು.

ಇದು ಬರೀ ಔದಾರ್ಯದ ಕಥೆಯಲ್ಲ. ಆ ವಾದ್ಯವೃಂದದ ಸುತ್ತ ಸೇರಿದ ಕಲಾವಿದರಲ್ಲಿ ಕೆಲವರ ಮೇಲೆ ಯುದ್ಧದ ನೆರಳಿತ್ತು. ವೃಂದ ನಿರ್ದೇಶಕ ಹರ್ಬರ್ಟ್ ಫಾನ್ ಕರಯಾನ್ ನಾಝಿ ಪಕ್ಷದ ಸದಸ್ಯರಾಗಿದ್ದವರು. ಯುದ್ಧಾನಂತರ ಸ್ವಲ್ಪ ಕಾಲ ಅವರಿಗೆ ಬಹಿರಂಗ ಕಛೇರಿಗಳ ನಿಷೇಧವಿತ್ತು. ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಪಕ್ಷ ಸದಸ್ಯತ್ವದ ವಿಷಯ ದಶಕಗಳ ನಂತರ ವಿವಾದವಾಯಿತು. ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಪಕ್ಷ ಸೇರಿರಲಿಲ್ಲವಾದರೂ ಜರ್ಮನಿಯಲ್ಲೇ ಉಳಿದು ಸಂಗೀತ ನಡೆಸಿದ್ದಕ್ಕಾಗಿ ವಿಚಾರಣೆ ಎದುರಿಸಿ, ನಿರ್ದೋಷಿಯೆಂದು ಹೊರಬಂದು 1947ರಲ್ಲಿ ಮತ್ತೆ ವೇದಿಕೆ ಏರಿದ್ದರು. ಬಾಂಬು ಬಿದ್ದ ಲಂಡನ್ನಿನಲ್ಲಿ ಜರ್ಮನ್ ಭಾಷೆಯ ಹಾಡು ಕೇಳುವುದು ಎಲ್ಲರಿಗೂ ಹಿತವಾದ ಸಂಗತಿಯಾಗಿರಲಿಲ್ಲ. ಅಂತಹ ಹೊತ್ತಿನಲ್ಲಿ ಆ ಹಾಡಿಗೆ ಹಣ ಹೋದದ್ದು ಬ್ರಿಟಿಷರ ಆಳ್ವಿಕೆಯಿಂದ ಆಗಷ್ಟೇ ಬಿಡುಗಡೆ ಹೊಂದಿದ ದೇಶದಿಂದ ಎಂಬುದು ಇತಿಹಾಸದ ವೈಚಿತ್ರ್ಯ.

1950ರ ಶರತ್ಕಾಲದಲ್ಲಿ ಇನ್ನೂ 35 ತುಂಬದ ಶ್ವಾರ್ಟ್ಸ್‌ಕಾಫ್ ಮತ್ತು 70 ದಾಟಿದ ಮೆಟ್ನರ್ ಜೋಡಿಯಾಗಿ ಧ್ವನಿಮುದ್ರಣಕ್ಕೆ ಕುಳಿತರು. ಗಯಟೆಯ ಕವಿತೆಗಳಿಗೆ ಮೆಟ್ನರ್ ದಶಕಗಳ ಹಿಂದೆ ಹಾಕಿದ್ದ ಸ್ವರಗಳು. ಹಾಡುವವಳು ಉತ್ಕರ್ಷದತ್ತ ಸಾಗುತ್ತಿದ್ದ ಗಾಯಕಿ, ನುಡಿಸುವವರು ಕೃತಿಕಾರರೇ. ಈ ಲೇಖಕನ ಮಟ್ಟಿಗೆ, ಮಹಾರಾಜರ ಹಣದಿಂದ ಆದ ಕೆಲಸಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ. ವಾದ್ಯವೃಂದಗಳಿಗೆ ಇನ್ನೊಬ್ಬ ದಾನಿ ಸಿಕ್ಕಾನು. ಆದರೆ ಮೆಟ್ನರ್ ಮುಂದಿನ ವರ್ಷ, 1951ರ ನವೆಂಬರ್ 13ರಂದು, ತೀರಿಕೊಂಡರು. ಸ್ವಲ್ಪ ತಡವಾಗಿದ್ದರೂ ಆ ಬೆರಳುಗಳ ಧ್ವನಿ ಉಳಿಯುತ್ತಿರಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೂ ದೊಡ್ಡ ಘಟನೆಯೊಂದು ನಡೆದಿತ್ತು. ರಿಚರ್ಡ್ ಸ್ಟ್ರಾಸ್ 1948ರಲ್ಲಿ, 84ರ ವಯಸ್ಸಿನಲ್ಲಿ, ಸ್ತ್ರೀಕಂಠ ಮತ್ತು ವಾದ್ಯವೃಂದಕ್ಕಾಗಿ ನಾಲ್ಕು ಗೀತೆಗಳನ್ನು ರಚಿಸಿದ್ದರು. ಇಲ್ಲಿ ಪಿಯಾನೋದ ಸ್ಥಾನವನ್ನು ಇಡೀ ವಾದ್ಯವೃಂದವೇ ವಹಿಸಿಕೊಂಡಿದೆ. ಒಂದು ವಸಂತವನ್ನು ಕುರಿತದ್ದು, ಒಂದು ಸೆಪ್ಟೆಂಬರ್ ತಿಂಗಳನ್ನು, ಒಂದು ನಿದ್ರೆಗೆ ಜಾರುವ ಹೊತ್ತನ್ನು. ಐಖೆಂಡಾರ್ಫ್‌ನ ಕವಿತೆಯನ್ನಾಧರಿಸಿದ ಇನ್ನೊಂದರಲ್ಲಿ ಬಹುಕಾಲ ಜೊತೆಯಾಗಿ ನಡೆದ ವೃದ್ಧ ದಂಪತಿಗಳು ಸಂಜೆಗೆಂಪಿನಲ್ಲಿ ನಿಂತು ಸಾವನ್ನು ಎದುರುನೋಡುತ್ತಾರೆ. ಉಳಿದ ಮೂರು ಕವಿತೆಗಳು ಹರ್ಮನ್ ಹೆಸ್ಸೆಯವು. ಸಿದ್ಧಾರ್ಥ ಕಾದಂಬರಿಯ ಮೂಲಕ ಭಾರತೀಯ ಓದುಗರಿಗೆ ಚಿರಪರಿಚಿತನಾದ ಈ ಕವಿಯ ತಾಯಿ ಹುಟ್ಟಿದ್ದು ತಲಚೇರಿಯಲ್ಲಿ. ತಾತ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ರಚಿಸಿದ ಬಾಸೆಲ್ ಮಿಷನ್ ಪಾದ್ರಿ. ಅದೇ ಮಿಷನ್ 1834ರಲ್ಲಿ ಭಾರತದಲ್ಲಿ ಮೊದಲು ನೆಲೆಯೂರಿದ್ದು ನಮ್ಮ ಮಂಗಳೂರಿನಲ್ಲಿ. ಜರ್ಮನಿಯೂ ಕನ್ನಡ ನೆಲವೂ ನಾವಂದುಕೊಂಡಷ್ಟು ದೂರವಿರಲಿಲ್ಲ.

ಸ್ಟ್ರಾಸ್ 1949ರ ಸೆಪ್ಟೆಂಬರ್ 8ರಂದು, ಅಂದರೆ ಮಹಾರಾಜರು ಪಟ್ಟವೇರಿದ ದಿನಕ್ಕೆ ಸರಿಯಾಗಿ ಒಂಬತ್ತು ವರ್ಷಕ್ಕೆ, ನಿಧನರಾದರು. ಗೀತೆಗಳನ್ನು ಅವರು ಕೇಳಲೇ ಇಲ್ಲ. ಪ್ರಕಾಶಕರು ಅವನ್ನು ಒಟ್ಟುಗೂಡಿಸಿ ನಾಲ್ಕು ಕೊನೆಯ ಗೀತೆಗಳು ಎಂದು ಹೆಸರಿಟ್ಟರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದರು. ಫುರ್ಟ್‌ವೆಂಗ್ಲರ್ ನಿರ್ದೇಶನ, ಫಿಲ್‌ಹಾರ್ಮೋನಿಯಾ ವೃಂದ. ಈ ಪ್ರದರ್ಶನಕ್ಕೆ 4,800 ಡಾಲರ್‌ಗಳ ಖಾತರಿ ನೀಡಿದವರು ಜಯಚಾಮರಾಜೇಂದ್ರ ಒಡೆಯರ್. ಬದಲಾಗಿ ಅವರು ಬಯಸಿದ್ದು ಇಷ್ಟೇ: ಹಾಡನ್ನು ಮುದ್ರಿಸಿ ಮೈಸೂರಿನ ತಮ್ಮ ಸಂಗ್ರಹಕ್ಕೆ ಕಳುಹಿಸಿಕೊಡಬೇಕು. ಅವರು ಆ ಸಭಾಂಗಣದಲ್ಲಿರಲಿಲ್ಲ. ತಾವು ಆಸರೆಯಾಗಿ ನಿಂತ ಸಂಜೆಯನ್ನು ಅವರು ತಟ್ಟೆಗಳ ಮೂಲಕವೇ ಕೇಳಬೇಕಿತ್ತು.

ಈ ಹಣದ ಲೆಕ್ಕವನ್ನೂ ನೋಡಬೇಕು. ಅಂದಿನ ವಿನಿಮಯ ದರದಲ್ಲಿ 4,800 ಡಾಲರ್ ಎಂದರೆ ಸುಮಾರು 23,000 ರೂಪಾಯಿ. 10,000 ಪೌಂಡ್ ಎಂದರೆ ಸುಮಾರು 1.33 ಲಕ್ಷ ರೂಪಾಯಿ. ಮೈಸೂರು ಅರಸರಿಗೆ ಭಾರತ ಸರ್ಕಾರ ನಿಗದಿಪಡಿಸಿದ ರಾಜಧನ ವಾರ್ಷಿಕ 26 ಲಕ್ಷ ರೂಪಾಯಿ. ಆ ಮೊತ್ತದೆದುರು ಇವು ಸಣ್ಣವು, ನಿಜ. ಆದರೆ ಮೆಟ್ನರ್ ಕಾನ್ಸರ್ಟೋಗಳು ಮುದ್ರಣವಾದ 1947ರಲ್ಲಿಯೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯುತ್ತಿತ್ತು ಎಂಬುದನ್ನು ಮರೆಯಲಾಗದು. ಅರಮನೆಯ ಹಣ ಕೊನೆಗೂ ರೈತನ ಕಂದಾಯದಿಂದ ಬಂದದ್ದೇ. ಲಂಡನ್ನಿನ ವಾದಕರಿಗೆ ಹೋದ ಆ ಪೌಂಡುಗಳಿಂದ ಇಲ್ಲಿ ಎಷ್ಟು ಶಾಲೆಗಳನ್ನು ಕಟ್ಟಬಹುದಿತ್ತು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅದೇ ಅರಸರು ಚಳವಳಿಗೆ ಮಣಿದು ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರಕ್ಕೆ ಅಧಿಕಾರ ವಹಿಸಿದರು ಎಂಬುದೂ ಅಷ್ಟೇ ನಿಜ. ಹಣವನ್ನು ಕುದುರೆ ಜೂಜಿಗೂ ಮೋಟಾರು ವಾಹನಗಳಿಗೂ ಸುರಿದ ಸಂಸ್ಥಾನಿಕರು ಈ ದೇಶದಲ್ಲಿ ಕಡಿಮೆಯಿರಲಿಲ್ಲ. ಅವರೊಂದಿಗೆ ಹೋಲಿಸಿ ಇವರನ್ನು ಹೊಗಳುವುದು ಸುಲಭ. ಆದರೆ ಅದು ಮೇಲಿನ ಪ್ರಶ್ನೆಗೆ ಉತ್ತರವಾಗದು.

ಪಾಶ್ಚಾತ್ಯ ಸಂಗೀತದ ಈ ಪ್ರೇಮಿ ಕರ್ನಾಟಕ ಸಂಗೀತಕ್ಕೆ ಬಂದದ್ದು ತಡವಾಗಿ. ಆದರೆ ಬಂದ ಮೇಲೆ ಅರೆಮನಸ್ಸಿನಿಂದಲ್ಲ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಶ್ರೀವಿದ್ಯಾ ಉಪಾಸನೆಯ ದೀಕ್ಷೆ ಪಡೆದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅನೇಕ ಅಪರೂಪದ ರಾಗಗಳಿವೆ. ಜರ್ಮನ್ ಗೀತೆಯಲ್ಲಿ ಕವಿ ಬೇರೆ, ಸಂಯೋಜಕ ಬೇರೆ. ವಾಗ್ಗೇಯಕಾರರಲ್ಲಿ ಇಬ್ಬರೂ ಒಬ್ಬರೇ. ಎರಡು ಪರಂಪರೆಗಳನ್ನೂ ಒಳಗಿನಿಂದ ಬಲ್ಲ ಅವರು ಒಂದರ ಸ್ವರವನ್ನು ಇನ್ನೊಂದಕ್ಕೆ ಬೆರೆಸಿ ಪ್ರಯೋಗ ಮಾಡುವ ಗೋಜಿಗೆ ಹೋಗಲಿಲ್ಲ. ವೀಣೆ ವೀಣೆಯಾಗಿಯೇ, ಪಿಯಾನೋ ಪಿಯಾನೋ ಆಗಿಯೇ ಉಳಿದವು.

ಆಮೇಲಿನ ವರ್ಷಗಳು ಅಧಿಕಾರದವು. 1950ರಿಂದ ರಾಜಪ್ರಮುಖರು; 1956ರಿಂದ 1964ರವರೆಗೆ ಮೈಸೂರಿನ ರಾಜ್ಯಪಾಲರು; ಅನಂತರ 1966ರವರೆಗೆ ಮದರಾಸಿನ ರಾಜ್ಯಪಾಲರು. ಕೊಳ್ಳೇಗಾಲದವರು ಮದರಾಸನ್ನು ಬಿಟ್ಟು ಮೈಸೂರಿಗೆ ಬಂದರೆ, ಮೈಸೂರಿನ ಅರಸರು ಕೊನೆಗೆ ಮದರಾಸಿಗೇ ಹೋದರು! 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಸಂದಿತು. 1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ, 55ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಅದೇ 1974ರಲ್ಲಿ ಸೋದರಿ ವಿಜಯಾದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ದೇಶವಿದೇಶಗಳ ಕಲಾವಿದರನ್ನು ಕರೆಸಿ, ಅಣ್ಣ ತಟ್ಟೆಗಳಲ್ಲಿ ಕೇಳುತ್ತಿದ್ದ ಬಗೆಯ ಸಂಗೀತವನ್ನು ಊರಿನ ಜನ ಎದುರಿಗೇ ಕುಳಿತು ಕೇಳುವಂತೆ ಮಾಡಿದರು. 2005ರಲ್ಲಿ ಅವರೂ ತೀರಿಕೊಂಡರು.

ಆಲ್ಬರ್ಟ್ ಹಾಲ್‌ನ ಆ ಸಂಜೆಯ ಮುದ್ರಣ ಇಂದಿಗೂ ದೊರೆಯುತ್ತದೆ. ಅದರ ಗುಣಮಟ್ಟ ಉತ್ತಮವಾಗಿಲ್ಲ. ಸವೆದ ತಟ್ಟೆಯ ಕರಕರ ಸದ್ದಿನ ನಡುವೆ ಫ್ಲಾಗ್‌ಸ್ಟಾಡ್ ಅವರ ಕಂಠವನ್ನು ಹುಡುಕಿ ಕೇಳಬೇಕು. ಶ್ವಾರ್ಟ್ಸ್‌ಕಾಫ್ ಹಾಡಿ ಮೆಟ್ನರ್ ನುಡಿಸಿದ ಗಯಟೆ ಗೀತೆಗಳು ಮಾತ್ರ ಸಾಕಷ್ಟು ಸ್ಪಷ್ಟವಾಗಿವೆ, ಮತ್ತು ಸಿ.ಡಿ. ರೂಪದಲ್ಲಿಯೂ ಮರುಮುದ್ರಣಗೊಂಡಿವೆ. ರಾಮಾಪುರದಲ್ಲಿ ಕಂಸಾಳೆಯ ಪದ ಕೇಳಿ ಬೆಳೆದ ಹುಡುಗ ಹುಡುಗಿಯರು ಈಗ ತಮ್ಮ ಮೊಬೈಲ್ ಫೋನಿನಲ್ಲೇ ಇವನ್ನು ಹುಡುಕಿ ಆಲಿಸಬಹುದು. ಭಾಷೆ ತಿಳಿಯದಿದ್ದರೂ ಚಿಂತೆಯಿಲ್ಲ. ಗಾಯಕಿ ಸಾಲು ಮುಗಿಸಿದ ಮೇಲೆ ಪಿಯಾನೋ ಏನು ಮಾಡುತ್ತದೆ ಎಂಬುದನ್ನಷ್ಟು ಗಮನಿಸಿದರೆ ಸಾಕು.